ಹೈಡ್ರೇಂಜಿಯಾ ಜಾಗ ಬದಲಾವಣೆ: ವಸಂತದಲ್ಲೇ ಕೀಳುವುದೋ, ಶರತ್ಕಾಲಕ್ಕೆ ಕಾಯುವುದೋ? ಹೂವಿನ ಗತಿಯೇನು?

ಹೈಡ್ರೇಂಜಿಯಾ ಗಿಡವನ್ನು ವಸಂತದಲ್ಲಿ ಕಿತ್ತು ಬೇರೆ ಕಡೆ ನೆಟ್ಟರೆ ಆ ವರ್ಷ ಹೂ ಬಿಡುತ್ತದೆಯೇ? ಗಿಡದ ಹೂಮೊಗ್ಗು ಯಾವಾಗ ಕಟ್ಟಿತು ಅಥವಾ ಯಾವಾಗ ಕಟ್ಟಲಿದೆ ಎಂದು ಗೊತ್ತಾದರೆ ಉತ್ತರ ತಾನಾಗಿಯೇ ಸಿಗುತ್ತದೆ. ಕೆಲವು ಜಾತಿಗಳು ಈ ಬೇಸಿಗೆಯ ಹೂವನ್ನು ಹೋದ ವರ್ಷವೇ ಕಡ್ಡಿಯ ತುದಿಯಲ್ಲಿ ಕಟ್ಟಿ, ಅದನ್ನು ಹೊತ್ತುಕೊಂಡೇ ಚಳಿಗಾಲ ದಾಟಿರುತ್ತವೆ. ಇನ್ನು ಕೆಲವು ವಸಂತದಲ್ಲಿ ಹೊರಡುವ ಹೊಸ ಚಿಗುರಿನ ಮೇಲೆ ಮೊಗ್ಗು ಕಟ್ಟುತ್ತವೆ. ಮೊದಲ ಗುಂಪಿನಲ್ಲಿ ಕಡ್ಡಿಯ ತುದಿಯನ್ನು ಜೋಪಾನ ಮಾಡಬೇಕು. ಎರಡನೆಯ ಗುಂಪಿನಲ್ಲಿ ಬೇರು ಉಳಿದರೆ ಸಾಕು, ಕಡ್ಡಿ ಮುರಿದರೂ ಹೂ ಬರುತ್ತದೆ. ಯಾವಾಗ ಕೀಳುವುದು, ಎಷ್ಟು ಅಗಲಕ್ಕೆ ಅಗೆಯುವುದು, ಕತ್ತರಿ ಹಾಕಬೇಕೋ ಬೇಡವೋ ಎಂಬುದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಗಿಡ ಯಾವುದೆಂದು ಗುರುತಿಸಿ

ವಸಂತದ ಆರಂಭದಲ್ಲಿ ಎಲೆ ಇರುವುದಿಲ್ಲ. ಆದರೂ ಕಡ್ಡಿ ಮತ್ತು ಮೊಗ್ಗು ನೋಡಿ ಜಾತಿ ಹೇಳಬಹುದು.

ನೀಲಿ ಅಥವಾ ಗುಲಾಬಿ ಬಣ್ಣದ ಗುಂಡನೆಯ ದೊಡ್ಡ ಗೊಂಚಲು ಬಿಡುವುದು ಅಗಲ ಎಲೆಯ ಹೈಡ್ರೇಂಜಿಯಾ, ಅಂದರೆ ಮ್ಯಾಕ್ರೋಫಿಲ್ಲಾ. ಇದರ ಕಡ್ಡಿ ದಪ್ಪ, ಬಣ್ಣ ತಿಳಿಕಂದು. ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಮೊಗ್ಗು, ತುದಿಯಲ್ಲಿ ಒಂದು ದೊಡ್ಡ ಚೂಪು ಮೊಗ್ಗು. ಆ ತುದಿಮೊಗ್ಗಿನೊಳಗೇ ಈ ವರ್ಷದ ಹೂವಿರುತ್ತದೆ. ಅನುಮಾನವಿದ್ದರೆ ಗಿಡದ ಹಿಂಬದಿಯ ಒಂದೇ ಒಂದು ತುದಿಮೊಗ್ಗನ್ನು ಹರಿತವಾದ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಮಡಚಿಕೊಂಡ ಎಳೆಯ ಎಲೆಗಳ ನಡುವೆ ಹೂಕೋಸಿನ ಚೂರಿನಂಥ ಹರಳುಹರಳಾದ ಗುಪ್ಪೆ ಕಂಡರೆ ಅದು ಹೂಮೊಗ್ಗು. ಬರೀ ಎಲೆಯ ಮಡಿಕೆಗಳೇ ಇದ್ದರೆ ಅದು ಚಿಗುರುಮೊಗ್ಗು. ಒಳಗೆಲ್ಲ ಕಂದಾಗಿ ಒಣಗಿದ್ದರೆ ಚಳಿಗೆ ಸತ್ತಿದೆ ಎಂದರ್ಥ. ಹಾಗಿದ್ದಲ್ಲಿ ಹೂ ಬರದಿದ್ದುದಕ್ಕೆ ಗಿಡ ಕಿತ್ತದ್ದನ್ನು ದೂರಬೇಕಿಲ್ಲ, ಕಿತ್ತರೂ ಬಿಟ್ಟರೂ ಆ ತುದಿಯಲ್ಲಿ ಹೂವಿಲ್ಲ.

ಇದೇ ಗುಂಪಿಗೆ ಸೇರಿದ್ದು ಬೆಟ್ಟದ ಹೈಡ್ರೇಂಜಿಯಾ, ಅಂದರೆ ಸೆರಾಟಾ. ಗಿಡ ಚಿಕ್ಕದು, ಕಡ್ಡಿ ಸಣ್ಣ. ಓಕ್ ಎಲೆಯ ಹೈಡ್ರೇಂಜಿಯಾ, ಅಂದರೆ ಕ್ವೆರ್ಸಿಫೋಲಿಯಾ, ದಾಲ್ಚಿನ್ನಿ ಬಣ್ಣದ ಸಿಪ್ಪೆ ಸುಲಿಯುವ ತೊಗಟೆಯಿಂದಲೇ ಗುರುತಾಗುತ್ತದೆ. ಇವೆರಡೂ ಹಳೇ ಕಡ್ಡಿಯ ಮೇಲೆಯೇ ಹೂ ಬಿಡುತ್ತವೆ. ಗೋಡೆ, ಮರ ಹತ್ತುವ ಬಳ್ಳಿ ಹೈಡ್ರೇಂಜಿಯಾ ಕೂಡ ಹಳೇ ಕಡ್ಡಿಯದೇ, ಅದರ ವಿಷಯ ಬೇರೆಯಾಗಿ ಹೇಳಬೇಕು.

ಹೊಸ ಚಿಗುರಿನ ಮೇಲೆ ಹೂ ಬಿಡುವವು ಮುಖ್ಯವಾಗಿ ಎರಡು. ಪ್ಯಾನಿಕ್ಯುಲೇಟಾದ ಗೊಂಚಲು ಬುಡದಲ್ಲಿ ಅಗಲವಾಗಿ ತುದಿಗೆ ಚೂಪಾಗುತ್ತದೆ, ಕಡ್ಡಿ ಮರದಂತೆ ಗಟ್ಟಿ, ಒಂದೇ ಗೆಣ್ಣಿನಲ್ಲಿ ಮೂರು ಮೊಗ್ಗು ಇರುವುದೂ ಉಂಟು. 'ಲೈಮ್‌ಲೈಟ್', 'ಗ್ರಾಂಡಿಫ್ಲೋರಾ' ಈ ಜಾತಿಯವು. ಎರಡನೆಯದು ಆರ್ಬೊರೆಸೆನ್ಸ್. ಬಿಳಿಯ ದುಂಡು ಗೊಂಚಲಿನ 'ಅನಬೆಲ್' ಇದೇ. ಅಮೆರಿಕದ ಇಲಿನಾಯ್ ರಾಜ್ಯದ ಆ್ಯನಾ ಊರಿನ ಬಳಿ ಸಿಕ್ಕಿದ ಗಿಡ ಇದರ ಮೂಲ. ಇದರ ಕಡ್ಡಿ ತೆಳು, ಮೊಗ್ಗು ಸಣ್ಣದು.

ಹಳೇ ಕಡ್ಡಿ, ಹೊಸ ಚಿಗುರು ಎಂಬ ಎರಡು ಗುಂಪುಗಳ ನಡುವಿನವು ಮರುಹೂ ಬಿಡುವ ಮ್ಯಾಕ್ರೋಫಿಲ್ಲಾ ತಳಿಗಳು. 2004ರಲ್ಲಿ ಮಾರುಕಟ್ಟೆಗೆ ಬಂದ 'ಎಂಡ್‌ಲೆಸ್ ಸಮ್ಮರ್' ಹೆಸರಾದದ್ದು. ಇವು ಹಳೇ ಕಡ್ಡಿಯಲ್ಲೂ ಹೊಸ ಚಿಗುರಲ್ಲೂ ಹೂ ಬಿಡುತ್ತವೆ. ತುದಿ ಹೋದರೂ ಬೇಸಿಗೆಯ ಕೊನೆಗೆ ಒಂದಿಷ್ಟು ಹೂ ನಿರೀಕ್ಷಿಸಬಹುದು. ಆದರೆ ಕಿತ್ತು ನೆಟ್ಟ ವರ್ಷ ಹೊಸ ಚಿಗುರು ಸೊರಗಿರುವುದರಿಂದ ಆ ಎರಡನೇ ಸುತ್ತು ತೆಳುವಾಗಿಯೇ ಇರುತ್ತದೆ.

ನಾಲ್ಕು ಸಮಯ, ನಾಲ್ಕು ಫಲ

ವಸಂತದ ಆರಂಭ, ಮೊಗ್ಗು ಬಿರಿಯುವ ಮುನ್ನ. ನೆಲದ ಹೆಪ್ಪು ಕರಗಿ ಸನಿಕೆ ಇಳಿಯುವಂತಾದ ದಿನದಿಂದ, ಮೊಗ್ಗು ಉಬ್ಬಿ ಹಸಿರು ತುದಿ ಇಣುಕುವವರೆಗಿನ ಕೆಲವು ವಾರ ಇದು. ಉತ್ತರ ಗೋಳಾರ್ಧದ ಬಹಳಷ್ಟು ಚಳಿನಾಡುಗಳಲ್ಲಿ ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗೆ ಬರುತ್ತದೆ. ಗಿಡಕ್ಕೆ ಎಲೆಯಿಲ್ಲ, ನೀರಿನ ಬೇಡಿಕೆ ಕಡಿಮೆ, ಮಣ್ಣು ತೇವವಾಗಿದೆ, ಮುಂದೆ ಇಡೀ ಬೆಳವಣಿಗೆಯ ಕಾಲ ಬಾಕಿಯಿದೆ. ಪ್ಯಾನಿಕ್ಯುಲೇಟಾ ಮತ್ತು ಅನಬೆಲ್‌ಗೆ ಇದಕ್ಕಿಂತ ಒಳ್ಳೆಯ ಸಮಯ ಹುಡುಕಬೇಕಿಲ್ಲ. ಅದೇ ವರ್ಷ ಹೂ ಬಿಡುತ್ತವೆ, ಗೊಂಚಲು ತುಸು ಸಣ್ಣದಾಗಬಹುದು ಅಷ್ಟೆ. ಮ್ಯಾಕ್ರೋಫಿಲ್ಲಾ ಕೂಡ ಬೇರಿನ ಮುದ್ದೆ ಒಡೆಯದೆ, ತುದಿ ಮುರಿಯದೆ ಬಂದರೆ ಹೂ ಬಿಡುತ್ತದೆ. ಆದರೆ ಎಲ್ಲ ತುದಿಗಳೂ ಬಿಡುವುದಿಲ್ಲ.

ವಸಂತದ ಕೊನೆ, ಎಲೆ ಬಿಚ್ಚಿದ ಮೇಲೆ. ಎಲ್ಲಕ್ಕಿಂತ ಕೆಟ್ಟ ಆಯ್ಕೆ ಇದೇ. ಮ್ಯಾಕ್ರೋಫಿಲ್ಲಾದ ಎಲೆ ದೊಡ್ಡದು, ಮೆದು, ನೀರನ್ನು ಯಥೇಚ್ಛ ಆವಿ ಮಾಡುತ್ತದೆ. ಅಗೆಯುವಾಗ ಹೊರಸುತ್ತಿನ ಸಣ್ಣ ಬೇರುಗಳೆಲ್ಲ ಕತ್ತರಿಸಿ ಹೋಗಿರುತ್ತವೆ, ನೀರು ಹೀರುವುದು ಅವೇ. ನೀರು ಸಾಲದಾದಾಗ ಗಿಡ ಮೊದಲು ಕೈಬಿಡುವುದು ಎಳೆಯ ಹೂಮೊಗ್ಗನ್ನು. ಎಲೆ ಉಳಿದು ಮೊಗ್ಗು ಕಪ್ಪಾಗಿ ಉದುರಿದರೆ ಕಾರಣ ಸಾಮಾನ್ಯವಾಗಿ ಇದು. ಕಟ್ಟಡದ ಕೆಲಸ, ಮನೆ ಬದಲಾವಣೆ ಎಂದು ಕೀಳಲೇಬೇಕಾದರೆ ಈ ವರ್ಷದ ಹೂವಿನ ಆಸೆ ಬಿಟ್ಟು, ಗಿಡ ಉಳಿಸುವುದರ ಕಡೆ ಗಮನ ಕೊಡಿ. ಮೋಡದ ದಿನ ಸಂಜೆ ಕೀಳಿ, ಕಂಡ ಹೂಮೊಗ್ಗುಗಳನ್ನು ಚಿವುಟಿ, ಎರಡು ವಾರ ನೆರಳುಬಲೆ ಕಟ್ಟಿ.

ಶರತ್ಕಾಲ, ಎಲೆ ಉದುರಿದ ಮೇಲೆ. ಚಳಿಗಾಲ ಸೌಮ್ಯವಾದ ಕಡೆ ಮ್ಯಾಕ್ರೋಫಿಲ್ಲಾಕ್ಕೆ ವಸಂತಕ್ಕಿಂತ ಇದು ಮೇಲು. ಮೇಲ್ಭಾಗ ನಿದ್ರಿಸುತ್ತಿದ್ದರೂ ಮಣ್ಣು ಇನ್ನೂ ಬೆಚ್ಚಗಿದ್ದು ಬೇರು ಬೆಳೆಯುತ್ತದೆ. ವಸಂತ ಬರುವ ಹೊತ್ತಿಗೆ ಹೊಸ ಬೇರು ಕೆಲಸಕ್ಕೆ ತಯಾರಾಗಿರುತ್ತದೆ. ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ 4ರಿಂದ 6 ವಾರ ಮುಂಚೆ ನೆಟ್ಟಿರಬೇಕು. ನೆಲ ಆಳಕ್ಕೆ ಹೆಪ್ಪುಗಟ್ಟುವ ಕಡೆ ಲೆಕ್ಕ ತಿರುಗುತ್ತದೆ: ಹೊಸದಾಗಿ ನೆಟ್ಟ ಬುಡವನ್ನು ಹೆಪ್ಪು ಮೇಲಕ್ಕೆತ್ತುತ್ತದೆ, ಒಣಗಾಳಿಗೆ ತುದಿಮೊಗ್ಗು ಸುಕ್ಕುಗಟ್ಟುತ್ತದೆ. ಮ್ಯಾಕ್ರೋಫಿಲ್ಲಾ ಮೂಲತಃ ಜಪಾನಿನ ಕರಾವಳಿಯ ಗಿಡ, ಕಡು ಚಳಿಗೆ ಅದರ ಮೊಗ್ಗು ಹುಟ್ಟಾ ತಯಾರಾದದ್ದಲ್ಲ. ಅಂಥ ಕಡೆ ವಸಂತದ ಆರಂಭವನ್ನೇ ಆರಿಸಿ.

ನಾಲ್ಕನೆಯದು, ನಡುಬೇಸಿಗೆ. ಅದನ್ನು ಆಯ್ಕೆಯೆಂದು ಎಣಿಸಬೇಡಿ.

ಒಟ್ಟಿನಲ್ಲಿ ನಮ್ಮ ಸಲಹೆ ಹೀಗೆ: ಗಿಡ ಹೊಸ ಚಿಗುರಿನ ಜಾತಿಯದಾದರೆ ವಸಂತದ ಆರಂಭದಲ್ಲಿ ಧೈರ್ಯವಾಗಿ ಕೀಳಿ. ಹಳೇ ಕಡ್ಡಿಯದಾಗಿದ್ದು ಮೊಗ್ಗು ಇನ್ನೂ ಬಿಗಿಯಾಗಿದ್ದರೆ ಈಗಲೇ ಕೀಳಿ. ಎಲೆ ಒಂದು ಬೆರಳಿನಷ್ಟು ಬಿಚ್ಚಿಕೊಂಡಿದ್ದರೆ ಸನಿಕೆ ಕೆಳಗಿಟ್ಟು ಶರತ್ಕಾಲಕ್ಕೆ ಕಾಯಿರಿ, ಅಷ್ಟರಲ್ಲಿ ಹೊಸ ಜಾಗವನ್ನು ಹದ ಮಾಡಿಕೊಳ್ಳಬಹುದು.

ಅಗೆಯುವ ಬಗೆ

ಹೈಡ್ರೇಂಜಿಯಾದ ಬೇರು ಆಳಕ್ಕಿಳಿಯುವುದಿಲ್ಲ. ಮೇಲ್ಮಣ್ಣಿನಲ್ಲೇ ನಾರುನಾರಾಗಿ ಹರಡುತ್ತದೆ. ಹಾಗಾಗಿ ಆಳಕ್ಕಿಂತ ಅಗಲ ಮುಖ್ಯ. 60 ಸೆಂಮೀ ಎತ್ತರದ ಗಿಡಕ್ಕೆ 35ರಿಂದ 40 ಸೆಂಮೀ ಅಗಲದ ಬೇರಿನ ಮುದ್ದೆ ಬೇಕು. 90 ಸೆಂಮೀ ಗಿಡಕ್ಕೆ 50 ಸೆಂಮೀ, 120 ಸೆಂಮೀ ದಾಟಿದ್ದಕ್ಕೆ 60ರಿಂದ 70. ಆಳ 25ರಿಂದ 30 ಸೆಂಮೀ ಸಾಕು. 50 ಸೆಂಮೀ ಅಗಲದ ಒದ್ದೆ ಮುದ್ದೆ 60 ಕೆಜಿಯನ್ನೂ ಮೀರಬಹುದು, ಒಬ್ಬರೇ ಎತ್ತುವ ಸಾಹಸ ಬೇಡ. ಬೆನ್ನಿನ ಮಾತು ಒಂದು ಕಡೆ. ಒಬ್ಬರೇ ಎತ್ತಲು ಹೋದಾಗ ಕಡ್ಡಿ ಹಿಡಿದು ಎಳೆಯುತ್ತೇವೆ, ಮುದ್ದೆ ಅಲ್ಲಿಯೇ ಬಿರುಕು ಬಿಡುತ್ತದೆ.

ಹಿಂದಿನ ದಿನ ಬುಡಕ್ಕೆ 15ರಿಂದ 20 ಲೀಟರ್ ನೀರು ಕೊಡಿ. ಒಣ ಮಣ್ಣು ಬೇರಿಗೆ ಅಂಟುವುದಿಲ್ಲ, ಎತ್ತಿದ ಕ್ಷಣ ಪುಡಿಯಾಗಿ ಉದುರುತ್ತದೆ. ಹೊಸ ಗುಂಡಿಯನ್ನು ಮೊದಲೇ ತೋಡಿಟ್ಟಿರಿ. ಕಿತ್ತ ಗಿಡ ಬಿಸಿಲಿನಲ್ಲಿ ಕಾಯುತ್ತಾ ಕೂರಬಾರದು.

ಕಡ್ಡಿಗಳನ್ನು ಮೆದುವಾದ ಬಟ್ಟೆಪಟ್ಟಿಯಿಂದ ಸಡಿಲವಾಗಿ ಒಟ್ಟುಗೂಡಿಸಿ ಕಟ್ಟಿ. ಹಳೇ ಕಡ್ಡಿಯ ಜಾತಿಗಳಲ್ಲಿ ಈ ಕಟ್ಟು ತುಂಬ ಮುಖ್ಯ, ಏಕೆಂದರೆ ಉಬ್ಬಿದ ತುದಿಮೊಗ್ಗು ತೋಳು ತಗುಲಿದರೂ ಟಕ್ಕನೆ ಮುರಿದು ಬೀಳುತ್ತದೆ. ನಂತರ ಗೆರೆ ಎಳೆದ ವೃತ್ತದ ಸುತ್ತ ಹರಿತವಾದ ಸನಿಕೆಯನ್ನು ನೇರವಾಗಿ ಇಳಿಸುತ್ತಾ ಬನ್ನಿ. ಸನಿಕೆಯ ಬೆನ್ನು ಗಿಡದ ಕಡೆಗಿರಲಿ. ಸುತ್ತು ಮುಗಿಯುವವರೆಗೆ ಮೀಟಬೇಡಿ, ಬರೀ ಕತ್ತರಿಸಿ. ಸುತ್ತು ಮುಗಿದ ಮೇಲೆ ಹೊರಬದಿಯಲ್ಲಿ ಒಂದು ಸನಿಕೆ ಅಗಲದ ಕಾಲುವೆ ತೆಗೆದು, ಅಲ್ಲಿಂದ ಮುದ್ದೆಯ ತಳಕ್ಕೆ ಓರೆಯಾಗಿ ಸನಿಕೆ ತೂರಿಸಿ ಬೇರು ಬಿಡಿಸಿ. ಹೆಬ್ಬೆರಳು ಗಾತ್ರದ ಬೇರು ಅಡ್ಡ ಬಂದರೆ ಸನಿಕೆಯಿಂದ ಜಜ್ಜದೆ ಕತ್ತರಿಯಿಂದ ನೀಟಾಗಿ ಕತ್ತರಿಸಿ. ಜಜ್ಜಿದ ಬೇರು ಕೊಳೆಯುತ್ತದೆ, ನೀಟಾಗಿ ಕತ್ತರಿಸಿದ್ದು ಹೊಸ ಬೇರು ಬಿಡುತ್ತದೆ.

ಮುದ್ದೆಯನ್ನು ಒಂದು ಬದಿಗೆ ವಾಲಿಸಿ, ಅರ್ಧ ಸುತ್ತಿದ ಗೋಣಿತಾಟನ್ನು ಅಡಿಗೆ ತಳ್ಳಿ, ಇನ್ನೊಂದು ಬದಿಗೆ ವಾಲಿಸಿ ತಾಟನ್ನು ಬಿಚ್ಚಿ ಎಳೆದುಕೊಳ್ಳಿ. ನಾಲ್ಕು ಮೂಲೆ ಹಿಡಿದು ಇಬ್ಬರು ಎತ್ತಿದರೆ ಮುದ್ದೆ ಒಡೆಯುವುದಿಲ್ಲ.

ಹೊಸ ಗುಂಡಿಯ ಅಗಲ ಮುದ್ದೆಯ ಎರಡರಷ್ಟಿರಲಿ, ಆಳ ಮುದ್ದೆಯಷ್ಟೇ. ಅನೇಕರು ಇಲ್ಲಿ ಎಡವುತ್ತಾರೆ. ಆಳಕ್ಕೆ ತೋಡಿ, ತಳಕ್ಕೆ ಗೊಬ್ಬರ ತುಂಬಿ ಅದರ ಮೇಲೆ ಗಿಡ ಕೂರಿಸಿದರೆ ಕೆಲವೇ ವಾರಗಳಲ್ಲಿ ತಳ ಕುಸಿದು ಬುಡ ಹೂತುಹೋಗುತ್ತದೆ, ತೊಗಟೆ ಕೊಳೆಯುತ್ತದೆ. ಮೊದಲು ಎಷ್ಟು ಮಟ್ಟದಲ್ಲಿತ್ತೋ ಅದೇ ಮಟ್ಟ, ಜಿಗುಟು ಮಣ್ಣಾದರೆ 2 ಸೆಂಮೀ ಮೇಲೆಯೇ ಇರಲಿ. ತೆಗೆದ ಮಣ್ಣಿಗೆ ನಾಲ್ಕರಲ್ಲೊಂದು ಪಾಲು ಮಾಗಿದ ಕಾಂಪೋಸ್ಟ್ ಬೆರೆಸಿ ತುಂಬಿ. ಅರ್ಧ ತುಂಬಿದಾಗ ಒಮ್ಮೆ ನೀರು ಹಾಯಿಸಿ, ಇಂಗಿದ ಮೇಲೆ ಉಳಿದದ್ದನ್ನು ತುಂಬಿ. ಕಾಲಿನಿಂದ ತುಳಿದು ಗಟ್ಟಿ ಮಾಡಬೇಡಿ, ಗಾಳಿಯ ಪೊಳ್ಳುಗಳನ್ನು ನೀರೇ ಮುಚ್ಚುತ್ತದೆ.

ರಸಗೊಬ್ಬರ ಈಗ ಬೇಡ. ಸಾರಜನಕ ಸಿಕ್ಕರೆ ಗಿಡ ಎಲೆ ಬಿಡಲು ಹೊರಡುತ್ತದೆ, ಅದಕ್ಕೆ ನೀರು ಒದಗಿಸುವ ಬೇರು ಇನ್ನೂ ಇಲ್ಲ. ಮೂಳೆಪುಡಿಯೂ ಬೇಡ; ಅದರ ರಂಜಕ ಮಣ್ಣಿನ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕಿ ನೀಲಿ ಹೂವನ್ನು ಗುಲಾಬಿಗೆ ತಿರುಗಿಸಬಹುದು.

ಕತ್ತರಿ ಹಾಕುವುದೋ, ಬೇಡವೋ

ಬೇರು ಕಡಿಮೆಯಾಯಿತು, ಆದ್ದರಿಂದ ಮೇಲೂ ಕಡಿಮೆ ಮಾಡಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮ್ಯಾಕ್ರೋಫಿಲ್ಲಾ, ಸೆರಾಟಾ, ಓಕ್ ಎಲೆಯದರಲ್ಲಿ ಇದನ್ನು ಪಾಲಿಸಿದರೆ ಈ ವರ್ಷದ ಹೂವನ್ನು ಕೈಯಾರೆ ಕತ್ತರಿಸಿ ಎಸೆದಂತೆ. ಇವುಗಳಲ್ಲಿ ಉಗುರಿನಿಂದ ಕೆರೆದರೆ ಹಸಿರು ಕಾಣದ ಒಣಕಡ್ಡಿ, ಮುರಿದ ಕಡ್ಡಿ ಮಾತ್ರ ತೆಗೆಯಿರಿ. ಹಳೇ ಒಣ ಹೂಗೊಂಚಲನ್ನು ಅದರ ಕೆಳಗಿನ ಮೊದಲ ದಪ್ಪ ಮೊಗ್ಗುಜೋಡಿಯ ಮೇಲಕ್ಕೆ ಕತ್ತರಿಸಬಹುದು.

ಪ್ಯಾನಿಕ್ಯುಲೇಟಾವನ್ನು ಮೂರನೇ ಒಂದು ಭಾಗ ಇಳಿಸಿದರೆ ನಷ್ಟವಿಲ್ಲ, ಸಾಗಿಸುವುದೂ ಸುಲಭ. ಅನಬೆಲ್ ಅನ್ನು ನೆಲದಿಂದ 30ರಿಂದ 45 ಸೆಂಮೀ ಎತ್ತರಕ್ಕೆ ಕತ್ತರಿಸಿ. ಬುಡಕ್ಕೇ ಸವರಿಬಿಟ್ಟರೆ ಹೊಸ ಕಡ್ಡಿ ಬಳುಕಿ, ಮಳೆಗೆ ಗೊಂಚಲಿನ ಭಾರ ತಾಳದೆ ನೆಲಕ್ಕೆ ಬಾಗುತ್ತದೆ.

ನೀರು: ಈ ವರ್ಷಕ್ಕೂ, ಮುಂದಿನ ವರ್ಷಕ್ಕೂ

ನೆಟ್ಟ ದಿನ 10ರಿಂದ 15 ಲೀಟರ್ ನಿಧಾನವಾಗಿ ಕೊಡಿ. ಮೊದಲ ಎರಡು ವಾರ ದಿನ ಬಿಟ್ಟು ದಿನ 8ರಿಂದ 10 ಲೀಟರ್ ಬೇಕಾಗಬಹುದು. ಆದರೆ ಲೆಕ್ಕಕ್ಕಿಂತ ಬೆರಳನ್ನು ನಂಬಿ: ಮುದ್ದೆಯ ಮೇಲೆಯೇ, ಸುತ್ತಲ ಸಡಿಲ ಮಣ್ಣಿನಲ್ಲಲ್ಲ, 5 ಸೆಂಮೀ ಆಳಕ್ಕೆ ಬೆರಳಿಟ್ಟು ನೋಡಿ. ಸುತ್ತಲ ಮಣ್ಣು ಒದ್ದೆಯಿದ್ದು ಮುದ್ದೆ ಒಣಗಿರುವುದು ಬಹಳ ಸಾಮಾನ್ಯ, ನೀರು ಸಡಿಲ ಮಣ್ಣಿನಲ್ಲೇ ಇಳಿದುಹೋಗುತ್ತದೆ. ಅದಕ್ಕೇ ಪಾತಿಯ ಏರಿಯನ್ನು ಮುದ್ದೆಯ ಅಂಚಿಗೆ ಸರಿಯಾಗಿ ಕಟ್ಟಬೇಕು. ಆಮೇಲೆ ಇಡೀ ಬೇಸಿಗೆ ವಾರಕ್ಕೆ 25 ಮಿಮೀ ಮಳೆಗೆ ಸಮನಾದ ನೀರು ಸಿಗಲಿ. ಚದರ ಮೀಟರಿಗೆ ಅದು 25 ಲೀಟರ್ ಆಗುತ್ತದೆ. ತೊಗಟೆ ಚೂರು ಅಥವಾ ಒಣ ಎಲೆಯ ಹೊದಿಕೆ 5ರಿಂದ 8 ಸೆಂಮೀ ದಪ್ಪ ಇರಲಿ, ಕಡ್ಡಿಗೆ ತಾಗದಂತೆ ನಾಲ್ಕು ಬೆರಳು ಬಿಡಿ.

ಎಲೆ ಬಾಡಿದಾಗಲೆಲ್ಲ ನೀರು ಸುರಿಯುವುದು ತಪ್ಪು. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನ ಬಾಡುವಿಕೆ, ನೆರಳು ಕೊಡಿ. ಬೆಳಗ್ಗೆ ಎದ್ದು ನೋಡಿದಾಗಲೂ ಬಾಡಿಯೇ ಇದ್ದು ಮಣ್ಣು ಒಣಗಿದ್ದರೆ ನೀರು ಬೇಕು. ಬೆಳಗ್ಗೆ ಬಾಡಿದೆ, ಮಣ್ಣು ಕೆಸರಾಗಿದೆ ಎಂದಾದರೆ ಬೇರು ಉಸಿರುಕಟ್ಟಿದೆ. ನೀರು ನಿಲ್ಲಿಸಿ, ಪಾತಿಯ ಏರಿ ಒಡೆದು ಬಸಿಯಲು ಬಿಡಿ.

ಚಿಗುರಿದ ಮೇಲೆ ಹಿಮ ಬೀಳುವ ರಾತ್ರಿ ಬಂದರೆ ಸಂಜೆಯೇ ಹಳೇ ಬೆಡ್‌ಶೀಟು ಹೊದಿಸಿ, ಬೆಳಗ್ಗೆ ತೆಗೆಯಿರಿ. ಎಲೆಗೆ ತಾಗುವಂತೆ ಪ್ಲಾಸ್ಟಿಕ್ ಹೊದಿಸಬೇಡಿ. ಮನೆಯ ಗೋಡೆಯ ಮರೆಯಲ್ಲಿದ್ದ ಗಿಡವನ್ನು ಬಯಲಿಗೆ ತಂದಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಹಳೇ ಕಡ್ಡಿಯ ಜಾತಿಗಳಲ್ಲಿ ಹೆಚ್ಚಿನವರ ಗಮನ ತಪ್ಪುವುದು ಬೇಸಿಗೆಯ ಕೊನೆಯಲ್ಲಿ. ಈ ವರ್ಷದ ಹೂ ಬಂದಿತೋ ಇಲ್ಲವೋ ಎಂಬುದು ಅಷ್ಟು ಹೊತ್ತಿಗೆ ಮುಗಿದ ಕಥೆ, ನೀರು ಹಾಕುವ ಕೈ ಸಡಿಲವಾಗುತ್ತದೆ. ಆದರೆ ರಾತ್ರಿ ತಂಪಾಗುತ್ತಾ ಹೋಗುವ ಆ ವಾರಗಳಲ್ಲೇ ಮುಂದಿನ ವರ್ಷದ ಮೊಗ್ಗು ಕಟ್ಟುವುದು. ಆಗ ಬಾಯಾರಿದ ಗಿಡ ತುದಿಯಲ್ಲಿ ಬರೀ ಚಿಗುರುಮೊಗ್ಗು ಕಟ್ಟಿ ಸುಮ್ಮನಾಗಬಹುದು. ಕಿತ್ತು ನೆಟ್ಟ ವರ್ಷ ಹೂ ಬಿಟ್ಟು, ಮರುವರ್ಷ ಬರೀ ಎಲೆ ಬಂತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ, ಇಲ್ಲವೇ ಶರತ್ಕಾಲದಲ್ಲಿ ಅಂದಕ್ಕೆಂದು ಮಾಡಿದ ಕಟಾವು ಇರುತ್ತದೆ.

ಜಾಗ ಬದಲಾದರೆ ಬಣ್ಣವೂ ಬದಲಾಗಬಹುದು

ಮ್ಯಾಕ್ರೋಫಿಲ್ಲಾ ಮತ್ತು ಸೆರಾಟಾದ ನೀಲಿಗೆ ಬೇರು ಹೀರುವ ಅಲ್ಯೂಮಿನಿಯಂ ಕಾರಣ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ಕ್ಕಿಂತ ಕೆಳಗಿದ್ದರೆ ಅದು ಗಿಡಕ್ಕೆ ಸಿಗುತ್ತದೆ, 6.5 ದಾಟಿದರೆ ಸಿಗುವುದಿಲ್ಲ, ಹೂ ಗುಲಾಬಿಯಾಗುತ್ತದೆ. ನಡುವೆ ನೇರಳೆ. ಕಾಂಕ್ರೀಟ್ ಅಡಿಪಾಯ, ಸುಣ್ಣದ ಗಾರೆಯ ಗೋಡೆಯ ಬಳಿ ಮಣ್ಣಿಗೆ ಸುಣ್ಣ ಇಳಿಯುತ್ತಿರುತ್ತದೆ, ನೀಲಿ ಗಿಡ ಅಲ್ಲಿಗೆ ಹೋದರೆ ಬಣ್ಣ ಉಳಿಯುವುದು ಕಷ್ಟ. ಹಾಗೆಂದು ನೆಟ್ಟ ವರ್ಷವೇ ಅಲ್ಯೂಮಿನಿಯಂ ಸಲ್ಫೇಟ್ ಸುರಿಯಬೇಡಿ, ಎಳೆಬೇರು ಸುಡುತ್ತದೆ. ಗಿಡ ಊರಿಕೊಂಡ ಮೇಲೆ ನೋಡೋಣ. ಬಿಳಿ ತಳಿಗಳಿಗೆ ಈ ಚಿಂತೆಯಿಲ್ಲ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಮ್ಯಾಕ್ರೋಫಿಲ್ಲಾಕ್ಕೆ ಹಿತ. ಪ್ಯಾನಿಕ್ಯುಲೇಟಾಕ್ಕೆ ದಿನಕ್ಕೆ 5-6 ಗಂಟೆ ಬಿಸಿಲು ಬೇಕು, ದಟ್ಟ ನೆರಳಿಗೆ ತಳ್ಳಿದರೆ ಹೂ ಕಡಿಮೆಯಾಗುತ್ತಾ ಹೋಗುತ್ತದೆ.

ಕೀಳದಿರುವುದೇ ಒಳಿತಾದ ಸಂದರ್ಭ

ಗೋಡೆಗೆ ಹತ್ತಿದ ದೊಡ್ಡ ಬಳ್ಳಿ ಹೈಡ್ರೇಂಜಿಯಾವನ್ನು ಅಲುಗಿಸದಿರುವುದೇ ಮೇಲು. ಗೋಡೆಯಿಂದ ಬಿಡಿಸಿದ ಹಳೇ ಕಾಂಡದ ಬೇರುಗಳು ಮತ್ತೆ ಅಂಟುವುದಿಲ್ಲ, ಹೊಸ ಬೆಳವಣಿಗೆ ಮಾತ್ರ ಹತ್ತುತ್ತದೆ. ಜೊತೆಗೆ ಹೂ ಹಲವು ವರ್ಷ ನಿಲ್ಲಬಹುದು.

ಎದೆಮಟ್ಟ ಬೆಳೆದ ಹಳೇ ಮ್ಯಾಕ್ರೋಫಿಲ್ಲಾಕ್ಕೆ ಮೂರು ದಾರಿಗಳಿವೆ. ಒಂದು ವರ್ಷ ಕೈಯಲ್ಲಿದ್ದರೆ ಶರತ್ಕಾಲದಲ್ಲಿ ಮುದ್ದೆಯ ಅಂಚಿನಲ್ಲಿ ಸನಿಕೆ ಇಳಿಸಿ ಸುತ್ತಲೂ ಬೇರು ಕತ್ತರಿಸಿ, ಗಿಡವನ್ನು ಅಲ್ಲೇ ಬಿಡಿ. ಒಳಸುತ್ತಿನಲ್ಲಿ ಹೊಸ ನಾರುಬೇರು ಬಂದಿರುತ್ತದೆ, ವಸಂತದಲ್ಲಿ ಕಿತ್ತಾಗ ಬಾಡುವುದು ಕಡಿಮೆ. ಎತ್ತಲು ಜನ, ಜಾಗ ಇಲ್ಲದಿದ್ದರೆ ತಾಯಿಗಿಡ ಬಿಟ್ಟು ಮರಿ ಮಾಡಿಕೊಳ್ಳಿ. ಬೇಸಿಗೆಯ ಆರಂಭದಲ್ಲಿ ಕೆಳಗಿನ ಒಂದು ಕಡ್ಡಿಯನ್ನು ಬಾಗಿಸಿ, ಗೆಣ್ಣಿನ ಕೆಳಭಾಗದ ತೊಗಟೆ ತುಸು ಕೆರೆದು, 5ರಿಂದ 8 ಸೆಂಮೀ ಮಣ್ಣಿನಡಿ ಹೂತು ಮೇಲೊಂದು ಕಲ್ಲಿಡಿ. ತುದಿ 15 ಸೆಂಮೀ ಹೊರಗಿರಲಿ. ಮರುವಸಂತಕ್ಕೆ ಬೇರು ಸಮೇತ ಕತ್ತರಿಸಿ ಒಯ್ಯಬಹುದು. ಮೂರನೆಯದು ಕಡ್ಡಿ ನೆಡುವುದು: ಹೂವಿಲ್ಲದ ಎಳೆ ಚಿಗುರಿನ 10ರಿಂದ 15 ಸೆಂಮೀ ತುಂಡು, ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆತ ಮಣ್ಣಿನ ಮಿಶ್ರಣಕ್ಕೆ ಚುಚ್ಚಿ ನೆರಳಲ್ಲಿಟ್ಟರೆ 3ರಿಂದ 4 ವಾರಗಳಲ್ಲಿ ಬೇರು ಬರುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ತಾಯಿಗಿಡವನ್ನೇ ಕೀಳುವುದೆಂದು ನಿಶ್ಚಯಿಸಿದರೂ, ಅಪರೂಪದ ತಳಿಯಾಗಿದ್ದರೆ ಕೀಳುವ ಹಿಂದಿನ ಬೇಸಿಗೆಯಲ್ಲೇ ಇಂಥ ನಾಲ್ಕೈದು ಕಡ್ಡಿ ನೆಟ್ಟು ಬೇರು ಬರಿಸಿಟ್ಟುಕೊಳ್ಳಿ.